ಹರಕೆ ಡಬ್ಬಿಗೆ ಬಿದ್ದ ಮೇಣದ ಬಿಲ್ಲೆ

ನಮ್ಮಪ್ಪನಿಗೆ ಸುಸ್ತು. ಎಲ್ಲ ಶುರುವಾಗಿದ್ದು ಅಲ್ಲಿಂದ.

ಸುಸ್ತು ಯಾರಿಗಿಲ್ಲ ಹೇಳಿ? ಹೂಟಗಳ್ಳಿಯಲ್ಲಿ ಶಿಫ್ಟ್ ಮುಗಿಸಿ ಬರುವ ಯಾರನ್ನು ಬೇಕಾದರೂ ನಿಲ್ಲಿಸಿ ಕೇಳಿ, ಸುಸ್ತು ಅನ್ನುತ್ತಾರೆ. ನಮ್ಮಪ್ಪ ಜ್ಞಾನಪ್ರಕಾಶ್ ಇಪ್ಪತ್ತಾರು ವರ್ಷದಿಂದ ಬೇರಿಂಗ್ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡುವವರು. ಉಕ್ಕಿನ ಬಳೆಗಳು ಸಾಲಾಗಿ ಮುಂದೆ ಬರುತ್ತವೆ. ಗೇಜ್ ಹಿಡಿದು ನೋಡಬೇಕು. ಸರಿಯಿದ್ದರೆ ಮುಂದಕ್ಕೆ, ಇಲ್ಲದಿದ್ದರೆ ಕೆಂಪು ಡಬ್ಬಕ್ಕೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವರ ಕೈಗೆ ಗೊತ್ತಾಗುತ್ತದೆ. ಅಂಥವರು ತಮ್ಮ ಮೈಯೊಳಗೆ ಕೆಟ್ಟದ್ದನ್ನು ಒಂದು ವರ್ಷ ಕಾಣಲಿಲ್ಲ. ನಾವೂ ಕಾಣಲಿಲ್ಲ.

ಎಂಟು ಮೆಟ್ಟಿಲು ಹತ್ತಿದರೆ ಏದುಸಿರು. ಮುಖ ಬಿಳಿಚಿಕೊಂಡಿತ್ತು. ಬೆಲ್ಟಿಗೆ ಎರಡು ಹೊಸ ತೂತು ಕೊರೆದುಕೊಂಡಿದ್ದರು. ಅಮ್ಮ ಸವರಿಯಮ್ಮ, “ವಯಸ್ಸಾಯ್ತಲ್ಲ, ಇನ್ನೇನು ಹುಡುಗನಾ?” ಅನ್ನುತ್ತಿದ್ದಳು. ನಾನು ಮೆಡಿಕಲ್ ಸ್ಟೋರಿಗೆ ಹೋಗಿ ರಕ್ತ ಆಗುವ ಟಾನಿಕ್ ತಂದೆ. ಅದು ಕುಡಿದರೆ ಮಲ ಕಪ್ಪಗಾಗುತ್ತದೆ ಎಂದು ಅಂಗಡಿಯವನೇ ಹೇಳಿದ್ದ. ಅಪ್ಪನಿಗೆ ಅದಕ್ಕೂ ಮುಂಚಿನಿಂದಲೇ ಕಪ್ಪಗೆ ಹೋಗುತ್ತಿತ್ತು. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಈಗ ಆ ಟಾನಿಕ್ ಬಾಟಲಿ ಕಣ್ಣಿಗೆ ಬಿದ್ದರೆ ಗೋಡೆಗೆ ಬಡಿಯಬೇಕು ಅನ್ನಿಸುತ್ತದೆ. ಬಾಟಲಿಯದೇನು ತಪ್ಪು?

ಅಪ್ಪನ ಜೊತೆ ಕೆಲಸ ಮಾಡುವ ರೇವಣಸಿದ್ದಣ್ಣ ಒಂದು ಭಾನುವಾರ ಮನೆಗೆ ಬಂದು ಪ್ಲಾಸ್ಟಿಕ್ ಡಬ್ಬಿ ಇಟ್ಟರು.

“ಇಮ್ಯುನಿಟಿ ಪೌಡರ್ ಕಣಪ್ಪ. ಬೆಳಗ್ಗೆ ಬಿಸ್ನೀರಲ್ಲಿ ಒಂದು ಚಮಚ. ಸಕ್ರೆ ಕಾಯ್ಲೆಯಿಂದ ಕ್ಯಾನ್ಸರ್ ಗಂಟ ಎಲ್ಲಕ್ಕೂ ಆಗುತ್ತಂತೆ.”

“ಅಣ್ಣ, ನೀವು ಕುಡೀತಿದ್ದೀರಾ?” ಎಂದು ಕೇಳಿದೆ.

“ನಂಗೇನಾಗ್ಯದೆ ಕುಡಿಯಕ್ಕೆ?” ಅಂದರು.

ಕೆಟ್ಟ ಮನುಷ್ಯ ಅಲ್ಲ. ಪ್ರೀತಿಯಿಂದಲೇ ತಂದಿದ್ದರು. ಅಪ್ಪ ಎರಡು ಡಬ್ಬಿ ಮುಗಿಸಿದರು. ಸುಸ್ತು ಮಾತ್ರ ಹೋಗಲಿಲ್ಲ.

ನಮ್ಮ ಪಕ್ಕದ ಮನೆಯ ತೇಜಸ್ವಿನಿ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ನರ್ಸ್. ನನಗಿಂತ ಆರೇಳು ವರ್ಷ ದೊಡ್ಡವಳು, ತೇಜಕ್ಕ ಅನ್ನುತ್ತೇನೆ. ಒಂದು ಬೆಳಗ್ಗೆ ಡ್ಯೂಟಿಗೆ ಹೊರಟವಳು, ಕಾಂಪೌಂಡ್ ಹಿಡಿದು ನಿಂತಿದ್ದ ಅಪ್ಪನನ್ನು ನೋಡಿ ಸ್ಕೂಟರ್ ನಿಲ್ಲಿಸಿದಳು.

“ಅಂಕಲ್, ಒಂದ್ನಿಮಿಷ. ಕಣ್ಣಿನ ಕೆಳರೆಪ್ಪೆ ಎಳೀರಿ.”

“ಯಾಕಮ್ಮ? ಕಣ್ಣಿಗೇನೂ ಬಿದ್ದಿಲ್ಲ.”

“ಎಳೀರಿ ಅಂದ್ರೆ ಎಳೀರಿ. ಅಯ್ಯೋ, ಕಾಗದ ಇದ್ದಂಗಿದ್ಯಲ್ಲ! ಕೆಂಪೇ ಇಲ್ಲ. ಯಾವಾಗಿಂದ ಹಿಂಗೆ?”

“ಟಾನಿಕ್ ಕುಡೀತಾವ್ರೆ ತೇಜಕ್ಕ,” ಅಂದೆ ನಾನು.

ಅವಳು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. “ಬಿಂದಿಗೆಗೆ ನೀರು ಹುಯ್ತಾ ಇದ್ದೀಯ, ಸರಿ. ತೂತು ಎಲ್ಲಿದೆ ಅಂತ ನೋಡ್ದ್ಯಾ? ಐವತ್ತು ದಾಟಿದ ಗಂಡಸಿಗೆ ರಕ್ತ ಕಮ್ಮಿ ಆಗ್ತಿದೆ ಅಂದ್ರೆ ಒಳಗೆಲ್ಲೋ ಸೋರ್ತಾ ಇರ್ಬೋದು ಕಣೋ. ಕರುಳಲ್ಲಿ ಸೋರಿದ್ರೆ ನಿನ್ ಕಣ್ಣಿಗೆ ಕಾಣುತ್ತಾ?”

ಅವತ್ತೇ ರಕ್ತ ಪರೀಕ್ಷೆ ಮಾಡಿಸಿದೆವು. ಹದಿನಾಲ್ಕು ಇರಬೇಕಾದ ಹಿಮೋಗ್ಲೋಬಿನ್ ಏಳರ ಹತ್ತಿರ ಇತ್ತು. ರಕ್ತ ಹಾಕಿಸಿ, ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕರುಳಿಗೆ ಪೈಪು ಬಿಟ್ಟು ನೋಡುವ ಕೊಲೊನೋಸ್ಕೋಪಿ ಮಾಡಿಸಿದೆವು. ಅದಕ್ಕೆ ಹಿಂದಿನ ದಿನ ಹೊಟ್ಟೆ ಖಾಲಿ ಮಾಡಲು ಒಂದು ಔಷಧಿ ನೀರು ಕುಡಿಯಬೇಕು. ಎಂಟು ಹತ್ತು ಸಲ ಓಡಾಡಿದ ಅಪ್ಪ ಬಚ್ಚಲ ಮನೆಯಲ್ಲಿ ತಲೆ ಸುತ್ತಿ ಬಿದ್ದರು. ಹಣೆಗೆ ಮೂರು ಹೊಲಿಗೆ ಬಿತ್ತು.

“ಇನ್ನೊಂದ್ ಸಲ ಆ ಪೈಪಿಗೆ ನಾನಿಲ್ಲ,” ಅಂದರು ಅಪ್ಪ. “ಸತ್ರೂ ಸರಿ. ಆ ಮಾತು ಎತ್ಬೇಡಿ.”

ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಇತ್ತು. ಅದರಿಂದ ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್. ಸ್ಕ್ಯಾನ್ ಮಾಡಿದರೆ ಲಿವರಿನಲ್ಲೂ ನಾಲ್ಕು ಕಡೆ ಗುರುತು. ಈಗಲೇ ಆಪರೇಷನ್ ಮಾಡಿ ಪ್ರಯೋಜನವಿಲ್ಲ, ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಎಂದರು. ರಿಪೋರ್ಟ್ ನಾಲ್ಕು ಹಾಳೆ, ಎಲ್ಲ ಇಂಗ್ಲಿಷು. ಕೊಟ್ಟವರು ಒಂದು ಸಾಲನ್ನೂ ಓದಿ ಹೇಳಲಿಲ್ಲ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಆ ಹಾಳೆ ಹಿಡಿದು ಕಾರಿಡಾರಿನಲ್ಲಿ ನಿಂತಿದ್ದೆ. ಕೇಳಬೇಕಿತ್ತು. ಕೇಳಲು ಮಾನ ಅಡ್ಡ ಬಂತು.

ಲ್ಯಾಬಿನವರು ಕೊಡುವ ಸಾಮಾನನ್ನು ಅಮ್ಮನೇ ಇಸಿದುಕೊಂಡಳು. ನಾನು ಆಗ ನನ್ನ ಗೂಡ್ಸ್ ಆಟೋ ತೆಗೆಯಲು ಹೋಗಿದ್ದೆ. ಎರಡು ಗಾಜಿನ ಸ್ಲೈಡು, ಮತ್ತೊಂದು ಸಣ್ಣ ಕವರು. ಅಷ್ಟೇ ನನಗೆ ಗೊತ್ತಿದ್ದದ್ದು.

ತೇಜಕ್ಕ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಡಾಕ್ಟರ್ ಸೌಮ್ಯಶ್ರೀ ಅಪ್ಪನನ್ನು ನೋಡಿದರು. ನಿಧಾನವಾಗಿ ಮಾತಾಡುವ ಹೆಂಗಸು. ಸ್ಲೈಡ್ ತೆಗೆದು ಪಕ್ಕಕ್ಕಿಟ್ಟು, “ಬ್ಲಾಕ್ ಎಲ್ಲಿ?” ಎಂದು ಕೇಳಿದರು.

“ಯಾವ ಬ್ಲಾಕು?”

“ಮೇಣದ ಬಿಲ್ಲೆ. ಗಡ್ಡೆಯಿಂದ ತೆಗೆದ ಚೂರನ್ನು ಮೇಣದಲ್ಲಿ ಹಾಕಿಟ್ಟಿರುತ್ತಾರೆ. ನಿಮಗೇ ಕೊಟ್ಟಿದ್ದೇವೆ ಅಂತ ಲ್ಯಾಬಿನವರು ಬರೆದಿದ್ದಾರೆ. ಅದರ ಮೇಲೆ ಇನ್ನೊಂದು ಪರೀಕ್ಷೆ ಮಾಡಬೇಕು. ಬಣ್ಣ ಹಾಕಿರುವ ಈ ಸ್ಲೈಡ್ ಸಾಲದು. ಆ ಪರೀಕ್ಷೆಯಲ್ಲಿ ಒಂದು ಗುಣ ಕಂಡರೆ ನಿಮ್ಮ ತಂದೆಗೆ ಇಮ್ಯುನೋಥೆರಪಿ ಕೊಡಬಹುದು. ಇಲ್ಲದಿದ್ದರೆ ಕೀಮೋ.”

“ಬ್ಲಾಕ್ ಇಲ್ದಿದ್ರೆ?”

“ಮತ್ತೆ ಚೂರು ತೆಗೀಬೇಕು. ಪೈಪು, ಇಲ್ಲ ಲಿವರಿಗೆ ಸೂಜಿ.”

ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. “ಎರಡೂ ಬ್ಯಾಡ ಮೇಡಂ.”

ಡಾಕ್ಟರ್ ಬಲವಂತ ಮಾಡಲಿಲ್ಲ. “ಹುಡುಕಿ. ಬರುವ ಸೋಮವಾರದವರೆಗೆ ಕಾಯ್ತೀನಿ. ಆಮೇಲೆ ಕಾಯೋದು ಇವರಿಗೆ ಒಳ್ಳೇದಲ್ಲ. ಗೊತ್ತಿರುವ ಔಷಧಿ ಶುರು ಮಾಡಲೇಬೇಕು,” ಅಂದರು.

ಬಸ್ಸಿನಲ್ಲಿ ಅಮ್ಮ ನಮ್ಮಿಂದ ದೂರದ ಸೀಟಿನಲ್ಲಿ ಕೂತಳು. ಕಿಟಕಿಯಾಚೆಗೇ ನೋಡುತ್ತಿದ್ದಳು.

ಸಂಜೆ ಡ್ಯೂಟಿ ಮುಗಿಸಿಕೊಂಡು ತೇಜಕ್ಕ ನೇರ ನಮ್ಮ ಮನೆಗೆ ಬಂದಳು. ಅಪ್ಪ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಅಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಗೊತ್ತಿರಲಿಲ್ಲ. ತೇಜಕ್ಕ ಕೈಗೆ ಸಿಕ್ಕಿದಳು.

“ಮೊದ್ಲು ಇಮ್ಯುನಿಟಿ ಪೌಡರ್ ಆಯ್ತು. ಈಗ ಇಮ್ಯುನಿಟಿ ಇಂಜೆಕ್ಷನ್ನಾ? ಡಬ್ಬೀಲಿ ಮಾರಿದ್ರೆ ಮೋಸ, ಬಾಟ್ಲೀಲಿ ಮಾರಿದ್ರೆ ಔಷಧೀನಾ?”

“ಆ ಡಬ್ಬಿ ತೋರ್ಸು,” ಅಂದಳು. ತೋರಿಸಿದೆ. ತಿರುಗಿಸಿ ನೋಡಿದಳು. “ಇದ್ರಲ್ಲಿ ಏನಿದೆ ಅಂತ ಬರ್ದೇ ಇಲ್ಲ. ಅಂಕಲ್, ಇದನ್ನ ಇವತ್ತೇ ನಿಲ್ಸಿ. ಕುಡೀತಿದ್ದೆ ಅಂತ ಡಾಕ್ಟ್ರಿಗೂ ಹೇಳ್ಬೇಕು, ಮುಚ್ಚಿಡ್ಬೇಡಿ. ಈಗ ನೀನ್ ಕೂತ್ಕೊಳೋ, ಎಗರಾಡ್ಬೇಡ. ಅಂಕಲ್, ನಿಮ್ ಫ್ಯಾಕ್ಟ್ರಿ ಗೇಟಲ್ಲಿ ಸೆಕ್ಯುರಿಟಿ ಇದಾರಲ್ಲ?”

“ಅವ್ನೆ, ಸಣ್ಣಮಾದಯ್ಯ ಅಂತ,” ಅಂದರು ಅಪ್ಪ ಕಣ್ಣು ಬಿಡದೆ. “ಟಿಫನ್ ಬಾಕ್ಸೂ ಬಿಚ್ಚಿ ನೋಡ್ತಾನೆ. ಬೋಂಡ ಇದ್ರೆ ಒಂದು ಎತ್ಕೋತಾನೆ.”

“ಮೈಯೊಳಗೂ ಹಂಗೇ ಕಾವಲಿನೋರು ಇದಾರೆ. ರಕ್ತದಲ್ಲಿ ಓಡಾಡೋ ಬಿಳಿ ಕಣಗಳು. ನಮ್ಮೋರಲ್ಲದ್ದು ಕಂಡ್ರೆ ಹಿಡಿದು ಹೊಡೀತವೆ. ಆದ್ರೆ ಕ್ಯಾನ್ಸರ್ ಹೊರಗಿಂದ ಬಂದಿದ್ದಲ್ಲ, ನಮ್ದೇ ಕಣ ಕೆಟ್ಟಿರೋದು. ಅದು ಕಾವಲಿನವನ ಹೆಗಲ ಮೇಲೆ ಕೈ ಹಾಕಿ, ‘ನಾನು ಇಲ್ಲಿಯವ್ನೇ, ನೀನು ಕೂತ್ಕೊ’ ಅಂತ ಕುರ್ಚೀಲಿ ಕೂರಿಸ್ಬುಡುತ್ತೆ. ಈ ಔಷಧಿ ಆ ಕೈ ತೆಗೆಯುತ್ತೆ, ಅಷ್ಟೇ. ಕಾವಲಿನವ್ನು ಎದ್ದು ನಿಲ್ತಾನೆ. ಕ್ಯಾನ್ಸರನ್ನ ಹೊಡೆಯೋದು ಅವ್ನೇ.”

“ಅಂಗಾದ್ರೆ ಎಲ್ರಿಗೂ ಕೊಟ್ಬುಡಿ. ಯಾಕೆ ಟೆಸ್ಟು?” ಅಂದೆ.

“ಎದ್ದು ನಿಂತ್ರೆ ಆಯ್ತೇನೋ? ಕಳ್ಳ ಯಾರು ಅಂತ ಗುರುತು ಹಿಡೀಬೇಡ್ವಾ? ಒಂದು ಕಣ ಎರಡಾಗೋವಾಗ ಸಣ್ಣಪುಟ್ಟ ತಪ್ಪು ಆಗ್ತಾನೇ ಇರ್ತವೆ. ಅದನ್ನ ತಿದ್ದೋಕೆ ಒಳಗೇ ಒಂದು ಏರ್ಪಾಡಿದೆ. ಕೆಲವರ ಗಡ್ಡೇಲಿ ಆ ಏರ್ಪಾಡೇ ಕೆಟ್ಟು ನಿಂತಿರುತ್ತೆ.”

ಅಪ್ಪ ಕಣ್ಣು ಬಿಟ್ಟರು. ಕಾಯಿಲೆ ಗೊತ್ತಾದಮೇಲೆ ಅವರು ಹಾಗೆ ಯಾವ ಮಾತನ್ನೂ ಕಿವಿಗೊಟ್ಟು ಕೇಳಿರಲಿಲ್ಲ.

“ಇನ್‌ಸ್ಪೆಕ್ಷನ್ ಇಲ್ದೆ ಲೈನ್ ಓಡಿಸ್ದಂಗೆ,” ಅಂದರು.

“ಹೂಂ ಅಂಕಲ್!”

“ಆಗ ಬರೋದೆಲ್ಲ ರಿಜೆಕ್ಟ್ ಪೀಸು. ಒಂದಲ್ಲ ಎರಡಲ್ಲ, ಗುಡ್ಡೆ ಬೀಳ್ತದೆ. ಗೇಜೂ ಬ್ಯಾಡ, ದೂರದಿಂದ್ಲೇ ಗೊತ್ತಾಯ್ತದೆ ಇದು ನಮ್ ಪೀಸ್ ಅಲ್ಲ ಅಂತ.”

“ಅದೇ ಅಂಕಲ್. ಅಂಥ ಗಡ್ಡೆ ಆದ್ರೆ ಕಾವಲಿನೋರಿಗೆ ಗುರುತು ಸುಲಭ. ಔಷಧಿ ಚೆನ್ನಾಗಿ ಕೆಲ್ಸ ಮಾಡುತ್ತೆ. ಕರುಳಿನ ಕ್ಯಾನ್ಸರ್ ಬೇರೆ ಕಡೆಗೂ ಹರಡಿದೋರಲ್ಲಿ ನೂರಕ್ಕೆ ನಾಲ್ಕೈದು ಜನಕ್ಕೆ ಮಾತ್ರ ಹಿಂಗಿರುತ್ತೆ. ಮಿಕ್ಕೋರಿಗೆ ಇದೊಂದನ್ನೇ ಕೊಟ್ರೆ ಸಾಮಾನ್ಯವಾಗಿ ಪ್ರಯೋಜನ ಇಲ್ಲ. ದುಬಾರಿ ಔಷಧಿ, ತೊಂದ್ರೇನೂ ಮಾಡ್ಬೋದು. ಅದ್ಕೇ ಮೊದ್ಲು ಪರೀಕ್ಷೆ. ಎಂಎಂಆರ್ ಅಂತಾರೆ, ಎಂಎಸ್‌ಐ ಅಂತಾನೂ ಅಂತಾರೆ. ಅದಕ್ಕೆ ಆ ಬಿಲ್ಲೆ ಬೇಕು. ಆಂಟಿ, ಲ್ಯಾಬಲ್ಲಿ ನಿಮ್ ಕೈಗೆ ತಾನೆ ಕೊಟ್ಟಿದ್ದು?”

ಅಮ್ಮನ ಬೆರಳು ಅಕ್ಕಿಯಲ್ಲೇ ನಿಂತಿತು.

“ಕೊಟ್ರು,” ಅಂದಳು. “ಮೇಣದ ತುಂಡು. ಇದ್ರೊಳಗೆ ನಿಮ್ ಯಜಮಾನ್ರ ಕರುಳಿನ ಚೂರಿದೆ ಅಂದ್ರು.”

“ಎಲ್ಲಮ್ಮ ಅದು?”

“ಅಂತೋಣಪ್ಪನಿಗೆ ಕೊಟ್ಬುಟ್ಟೆ.”

ತೇಜಕ್ಕನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ನಮ್ಮ ಕ್ರೈಸ್ತ ಜನರಲ್ಲಿ ಹರಕೆ ಹೀಗೆ: ಕಾಲು ನೋವಿದ್ದವರು ಮೇಣದ ಕಾಲು, ಕಣ್ಣು ಮಂಜಾದವರು ಮೇಣದ ಕಣ್ಣು, ಮಕ್ಕಳಿಲ್ಲದವರು ಮೇಣದ ಮಗು. ಚಾಪೆಲ್ ಮುಂದಿನ ಅಂಗಡಿಯಲ್ಲಿ ಕೊಂಡು, ಮಂಗಳವಾರ ಸಂತ ಅಂತೋಣಿಯವರ ಪಾದದ ಬಳಿಯ ಡಬ್ಬಿಗೆ ಹಾಕುತ್ತಾರೆ.

“ಅಂಗಡಿಯವ್ಳನ್ನ ಕೇಳ್ದೆ, ಕರುಳು ಇದ್ಯಾ ಅಂತ,” ಅಮ್ಮನ ದನಿ ಸಣ್ಣದಾಗುತ್ತಾ ಹೋಯಿತು. “ಇಲ್ಲ, ಹೃದಯ ತಗೊಳ್ಳಕ್ಕ ಅಂದ್ಲು. ರೋಗ ಇರೋದು ಕರುಳಲ್ಲಿ, ಹೃದಯ ಯಾಕೆ ಕೊಡ್ಲಿ? ಆಗ ಕವರಲ್ಲಿದ್ದದ್ದು ಜ್ಞಾಪಕ ಬಂತು. ಮೇಣಾನೂ ಅದೇ, ಕರುಳೂ ಅದೇ. ಅವ್ರೇ ಕಳಿಸಿದಂಗಿತ್ತು ಕಣೋ ಮಾರ್ಟಿನ್.”

ನಾನು ಕೂಗಾಡಿದೆ. ಏನೆಂದು ಬರೆಯುವುದಿಲ್ಲ. ತಾಯಿಗೆ ಹೇಳಬಾರದ ಮಾತು. ಅಮ್ಮ ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. ತೇಜಕ್ಕ ನನ್ನ ತೋಳು ಹಿಡಿದು, “ಲ್ಯಾಬಿನವ್ರು ಇದನ್ನ ಜೋಪಾನವಾಗಿಡಿ, ಮುಂದೆ ಬೇಕಾಗುತ್ತೆ ಅಂತ ಒಂದ್ ಮಾತು ಹೇಳಿದ್ರೆ ನಿಮ್ಮಮ್ಮ ಹಿಂಗ್ ಮಾಡ್ತಿದ್ರಾ? ಹೇಳ್ದೆ ಇದ್ದೋರನ್ನ ಬಿಟ್ಟು ಇವ್ರ ಮೇಲೆ ಕೂಗ್ತೀಯಲ್ಲೋ,” ಅಂದಳು.

ಅಪ್ಪ ಮಾತ್ರ ನನಗೆ “ಬುಡು ಮಗಾ” ಎಂದು, ಅಮ್ಮನ ಕಡೆ ತಿರುಗಿ, “ಅಲ್ಲ ಕಣೇ, ನನ್ ಕರುಳನ್ನ ಅಂತೋಣಪ್ಪನಿಗೆ ಕೊಡೋ ಮುಂಚೆ ನನ್ನನ್ನೊಂದ್ ಮಾತು ಕೇಳಬಾರ್ದಿತ್ತಾ?” ಅಂದರು.

ಅಮ್ಮ ಅಳುತ್ತಲೇ, “ಕಳೆದಿದ್ದನ್ನ ಹುಡುಕಿಕೊಡೋರೂ ಅವ್ರೇ ಅಲ್ವಾ? ಹೋಗೋ, ಹೋಗಿ ಕೇಳು,” ಅಂದಳು.

ಬಿಲ್ಲೆ ಹೇಗಿರುತ್ತದೆ ಎಂದು ತೇಜಕ್ಕನನ್ನು ಕೇಳಿಕೊಂಡು ಆಟೋ ತೆಗೆದೆ. ಚಾಪೆಲ್ ನಮ್ಮ ಮನೆಯಿಂದ ಎರಡು ಕಿಲೋಮೀಟರ್. ಬಾಗಿಲು ತೆರೆದೇ ಇತ್ತು. ಸಂತರ ಪಾದದ ಬಳಿ ಡಬ್ಬಿ ಇತ್ತು. ಬಗ್ಗಿ ನೋಡಿದೆ. ಖಾಲಿ.

ಹಿಂದಿನ ಶೆಡ್ಡಿನಿಂದ ಹೊಗೆ ಬರುತ್ತಿತ್ತು. ಚಾಪೆಲಿನ ಕೆಲಸ ನೋಡಿಕೊಳ್ಳುವ ಚೌರಪ್ಪ ತಾತ ಸೌದೆ ಒಲೆಯ ಮೇಲೆ ಹಂಡೆ ಇಟ್ಟು ಕೋಲಿನಿಂದ ತಿರುವುತ್ತಿದ್ದರು. ಹಬ್ಬಕ್ಕೆ ಐದು ದಿನ ಇತ್ತು. ಹರಕೆಯ ಮೇಣವನ್ನೆಲ್ಲ ಕರಗಿಸಿ ಹಬ್ಬದ ಮೇಣದ ಬತ್ತಿ ಮಾಡುವುದು ಅಲ್ಲಿನ ವಾಡಿಕೆ. ಹಂಡೆಯಲ್ಲಿ ಒಂದು ಮೇಣದ ಕೈ ಅರ್ಧ ಕರಗಿ, ಬೆರಳು ಮೇಲೆ ಮಾಡಿಕೊಂಡು ತೇಲುತ್ತಿತ್ತು.

“ತಾತ, ನಿಲ್ಸಿ! ಡಬ್ಬೀಲಿದ್ದದ್ದೆಲ್ಲ ಹಾಕ್ಬುಟ್ರಾ?”

“ಹಾಕ್ದೆ ಇನ್ನೇನು ಉಪ್ಪಿನಕಾಯಿ ಹಾಕ್ಲಾ? ಯಾಕ್ಲಾ ಅಂಗೆ ಉಸಿರು ಬುಡ್ತೀಯ?”

“ಒಂದು ಸಣ್ಣ ಬಿಲ್ಲೆ. ಎರಡು ಬೆರಳಗಲ. ಚೌಕಾಗಿರುತ್ತಂತೆ. ಕೆಳಗೆ ಪ್ಲಾಸ್ಟಿಕ್ ಇರುತ್ತಂತೆ.”

ಚೌರಪ್ಪ ತಾತನ ಮುಖ ಕೆಂಪಾಯಿತು. “ಓ, ಅದು ನಿಮ್ ಮನೇದಾ? ಮೂವತ್ತು ವರ್ಸದಿಂದ ಮೇಣ ಕಾಯ್ಸ್ತಾ ಇವ್ನಿ, ಪ್ಲಾಸ್ಟಿಕ್ ಹರಕೆ ನಾನ್ ಕಂಡಿಲ್ಲ! ಹಂಡೆಗೆ ಬಿದ್ದಿದ್ರೆ ಅಷ್ಟೂ ಮೇಣ ಗಬ್ಬು ನಾರೋದು. ದೇವ್ರಿಗೂ ಪ್ಲಾಸ್ಟಿಕ್ ಕೊಡ್ತೀರಲ್ಲ, ನಾಚ್ಕೆ ಆಗಲ್ವಾ?”

“ತಾತ, ಬೈಯಿ, ಎಷ್ಟಾದ್ರೂ ಬೈಯಿ. ಎಲ್ಲಿಟ್ಟೆ?”

ಕಿಟಕಿಯ ಮೇಲಿದ್ದ ತೆಂಗಿನ ಚಿಪ್ಪನ್ನು ಕೋಲಿನಿಂದ ತೋರಿಸಿದರು. ಗುಂಡುಪಿನ್ನು, ಸುಟ್ಟ ಬತ್ತಿ, ಮುರಿದ ಜಪಮಾಲೆಯ ಮಣಿಗಳ ನಡುವೆ ಅದು ಬಿದ್ದಿತ್ತು. ಬಿಳಿ ಮೇಣದ ಮಧ್ಯೆ ಅಕ್ಕಿ ನುಚ್ಚಿನಷ್ಟು ಕಂದು ಚೂರುಗಳು, ನಾಲ್ಕೋ ಐದೋ. ಪ್ಲಾಸ್ಟಿಕ್ಕಿನ ಅಂಚಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ನಂಬರು. ರಿಪೋರ್ಟಿನ ಮೇಲಿದ್ದ ನಂಬರೂ ಅದೇ. ನಂಬರು ಓದಲು ನನಗೆ ಯಾರ ಸಹಾಯವೂ ಬೇಕಿರಲಿಲ್ಲ.

ಕೈಯ ಬಿಸಿಗೇ ಕರಗಿಹೋದೀತು ಎಂದು ಹೆದರಿ ಊಟದ ಡಬ್ಬಿಯೊಳಗೆ ಬಟ್ಟೆ ಸುತ್ತಿ ಇಟ್ಟೆ. ಹೊರಡುವಾಗ ತಾತ, “ಏನ್ಲಾ ಅದು?” ಎಂದು ಕೇಳಿದರು. ಹೇಳಿದೆ. ಅವರು ಕೋಲು ಕೆಳಗಿಟ್ಟು, ಶಿಲುಬೆಯ ಗುರುತು ಮಾಡಿಕೊಂಡರು.

ಮಾರನೆಯ ದಿನ ಬಿಲ್ಲೆ ಕೊಟ್ಟೆವು. ಚೂರು ಕೆಟ್ಟಿಲ್ಲ, ಪರೀಕ್ಷೆಗೆ ಸಾಕು ಎಂದರು. ಸೋಮವಾರ ಬಂತು. ಉತ್ತರ ಬಂದಿರಲಿಲ್ಲ. ಬಿಲ್ಲೆ ಸಿಕ್ಕಿದೆಯಲ್ಲ, ಇನ್ನೊಂದು ವಾರ ನೋಡೋಣ ಎಂದರು ಡಾಕ್ಟರ್. ಆ ದಿನಗಳು ಹೇಗೆ ಹೋದವು ಅಂತ ಕೇಳಬೇಡಿ. ಅಪ್ಪ ಮಲಗಿಯೇ ಇದ್ದರು. ನಾನು ಕಾರ್ಖಾನೆ ಕೆಲಸಗಾರರ ವಿಮೆಯ ಇಎಸ್‌ಐ ಪತ್ರಕ್ಕೆ ಓಡಾಡುತ್ತಿದ್ದೆ. ಒಂದು ಕಡೆ ಸಹಿ ಇದ್ದರೆ ಇನ್ನೊಂದು ಕಡೆ ಸೀಲು ಇಲ್ಲ. ಸೀಲು ಇದ್ದರೆ ಸಾಹೇಬರು ಊಟಕ್ಕೆ. ಕೊನೆಗೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಬಿಂದು ಮೇಡಂ ಕೂರಿಸಿಕೊಂಡು, ಯಾವ ಕಾಗದ ಎಲ್ಲಿಗೆ ಅಂತ ಬರೆದುಕೊಟ್ಟರು. ಮೊದಲ ದಿನವೇ ಅವರ ಹತ್ತಿರ ಹೋಗಿದ್ದರೆ ಅರ್ಧ ಅಲೆದಾಟ ತಪ್ಪುತ್ತಿತ್ತು. ಅಂಥವರೊಬ್ಬರು ಆಸ್ಪತ್ರೆಯಲ್ಲಿ ಇರುತ್ತಾರೆ ಅಂತ ನಮಗೆ ಯಾರು ಹೇಳಿದ್ದರು?

ಒಂಬತ್ತನೆಯ ದಿನ ದಟ್ಟಗಳ್ಳಿಯ ಹೊಸ ಮನೆಯೊಂದಕ್ಕೆ ಟೈಲ್ಸ್ ಇಳಿಸುತ್ತಿದ್ದೆ. ಫೋನ್ ಬಂತು.

“ಮಾರ್ಟಿನ್, ಅಂಕಲ್‌ಗೆ ಹೇಳೋ, ರಿಜೆಕ್ಟ್ ಪೀಸೇ ಕಣೋ! ಗುಡ್ಡೆ ಗುಡ್ಡೆ!” ತೇಜಕ್ಕ ಕಿರುಚುತ್ತಿದ್ದಳು.

ನಾನು ಟೈಲ್ಸ್ ಪೆಟ್ಟಿಗೆಯ ಮೇಲೆ ಕುಸಿದು ಕೂತೆ. ಮನೆ ಕಟ್ಟಿಸುವ ಯಜಮಾನರು, “ಏನಯ್ಯಾ, ಒಡೆದ್ಬುಟ್ಯಾ?” ಎಂದು ಓಡಿಬಂದರು.

ಪರೀಕ್ಷೆಯಲ್ಲಿ ಆ ಗುಣ ಕಂಡಿತ್ತು. ಮೂರು ವಾರಕ್ಕೊಮ್ಮೆ ಇಮ್ಯುನೋಥೆರಪಿ ಔಷಧಿ ಶುರುವಾಯಿತು. ಅರ್ಧ ಗಂಟೆ ಡ್ರಿಪ್ ಹಾಕುತ್ತಾರೆ. ಅಷ್ಟೇ. ಕೂದಲು ಉದುರಲಿಲ್ಲ. ಪಕ್ಕದ ಬೆಡ್ಡಿನಲ್ಲಿ ಮಂಡಕಳ್ಳಿಯ ಬೀರಯ್ಯ ಅನ್ನುವವರಿದ್ದರು. ಅದೇ ಕರುಳಿನ ಕ್ಯಾನ್ಸರ್. ಅವರ ಪರೀಕ್ಷೆಯಲ್ಲಿ ಈ ಗುಣ ಕಾಣಲಿಲ್ಲ, ಅವರಿಗೆ ಕೀಮೋ. ಅದು ಅವರಿಗೆ ಕೆಲಸ ಮಾಡುತ್ತಿದೆ. “ನಿಂಗೆ ನಿನ್ ಬೀಗದ ಕೈ, ನಂಗೆ ನನ್ದು,” ಎಂದು ಅಪ್ಪನಿಗೆ ಹೇಳಿ ನಗುತ್ತಿದ್ದರು.

ಎಲ್ಲ ಸುಸೂತ್ರ ಅಂತ ತಿಳಿಯಬೇಡಿ. ನಾಲ್ಕನೇ ಡ್ರಿಪ್ ಆದಮೇಲೆ ಅಪ್ಪನಿಗೆ ಭೇದಿ ಹಿಡಿಯಿತು. ದಿನಕ್ಕೆ ಆರು ಸಲ. ನಾನು ಮತ್ತೆ ಮೆಡಿಕಲ್ ಸ್ಟೋರಿನ ಕಡೆ ಹೊರಟೆ. ತೇಜಕ್ಕ ಗೇಟಿನಲ್ಲೇ ಅಡ್ಡ ನಿಂತಳು.

“ಎಲ್ಲಿಗೆ?”

“ಭೇದಿ ನಿಲ್ಲೋ ಮಾತ್ರೆ ತರಕ್ಕೆ.”

“ಒಂದ್ಸಲ ಟಾನಿಕ್ ತಂದು ಬುದ್ಧಿ ಬರ್ಲಿಲ್ವಾ? ಎದ್ದು ನಿಂತ ಕಾವಲಿನೋರು ಕೆಲವು ಸಲ ಮನೆಯವರನ್ನೇ ಹೊಡೀತಾರೆ ಕಣೋ. ಕರುಳು, ಶ್ವಾಸಕೋಶ, ಲಿವರು, ಥೈರಾಯಿಡ್, ಚರ್ಮ, ಯಾವುದಕ್ಕಾದ್ರೂ ಬೀಳ್ಬೋದು. ನೀನಾಗ್ ನೀನೇ ಏನೂ ಕೊಡ್ಬೇಡ. ಆಟೋ ತೆಗಿ, ಆಸ್ಪತ್ರೆಗೆ ನಡಿ.”

ಅದು ಔಷಧಿಯಿಂದಲೇ ಬಂದ ಕರುಳಿನ ಉರಿಯೂತ ಎಂದರು. ಡ್ರಿಪ್ ನಿಲ್ಲಿಸಿ ಬೇರೆ ಮಾತ್ರೆ ಕೊಟ್ಟು ಹತೋಟಿಗೆ ತಂದರು. ಕೆಲವು ವಾರದ ನಂತರ ಮತ್ತೆ ಶುರು ಮಾಡಿದರು. ತಡ ಮಾಡಿದ್ದರೆ ಜೀವಕ್ಕೇ ಬರುತ್ತಿತ್ತಂತೆ.

ಮುಂದಿನ ಸ್ಕ್ಯಾನಿನಲ್ಲಿ ಲಿವರಿನ ನಾಲ್ಕು ಗುರುತಿನಲ್ಲಿ ಎರಡು ಕಾಣಲಿಲ್ಲ, ಉಳಿದೆರಡು ಚಿಕ್ಕದಾಗಿದ್ದವು. ವಾಸಿಯಾಯಿತು ಎಂದು ಡಾಕ್ಟರ್ ಹೇಳಿಲ್ಲ. ನಾನೂ ಹೇಳುವುದಿಲ್ಲ. ಅಪ್ಪನಿಗೆ ಇನ್ನೂ ಸುಸ್ತಾಗುತ್ತದೆ. ಆದರೆ ಬೆಲ್ಟಿನ ಹಳೆ ತೂತಿಗೆ ವಾಪಸ್ ಬಂದಿದ್ದಾರೆ. ಫಸ್ಟ್ ಶಿಫ್ಟಿಗೆ ಹೋಗುತ್ತಾರೆ. ಸಣ್ಣಮಾದಯ್ಯನಿಗೆ ಅಂತ ಒಂದು ಬೋಂಡ ಜಾಸ್ತಿ ಹಾಕಿಸಿಕೊಂಡು ಹೋಗುತ್ತಾರೆ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಡಾಕ್ಟರ್ ಸೌಮ್ಯಶ್ರೀ ಒಂದು ದಿನ ನಮ್ಮ ಮನೆತನದ ಕಥೆ ಕೇಳಿದರು. ಅಮ್ಮ ಒಂದೊಂದೇ ಹೇಳಿದಳು. ಅಪ್ಪನ ತಮ್ಮ ಮೂವತ್ತೊಂಬತ್ತಕ್ಕೆ ಹೊಟ್ಟೆಗಡ್ಡೆಯಿಂದ ಹೋದದ್ದು. ಅಪ್ಪನ ತಾಯಿ ಗರ್ಭಕೋಶದ ಕ್ಯಾನ್ಸರಿನಿಂದ ಹೋದದ್ದು. ಡಾಕ್ಟರ್ ಅಪ್ಪನ ರಕ್ತ ಪರೀಕ್ಷೆ ಮಾಡಿಸಿದರು. ತಿದ್ದುವ ಏರ್ಪಾಡು ಕೆಟ್ಟಿರುವುದು ಗಡ್ಡೆಯಲ್ಲಿ ಮಾತ್ರವಲ್ಲ, ವಂಶದಲ್ಲೇ ಬಂದಿದೆ. ಮಗನಿಗೂ ಬಂದಿರುವ ಸಂಭವ ಅರ್ಧಕ್ಕರ್ಧ. ಮಗ ಅಂದರೆ ನಾನು. ನನಗೆ ಇಪ್ಪತ್ತಾರು.

“ನಂಗೇನಾಗಿದೆ? ದಿನಾ ನೂರು ಮೂಟೆ ಎತ್ತುತ್ತೀನಿ,” ಅಂದೆ. ಎರಡು ತಿಂಗಳು ತೇಜಕ್ಕನ ಕಣ್ಣು ತಪ್ಪಿಸಿ ಓಡಾಡಿದೆ. ಊರಿಗೆಲ್ಲ ಬೈಯುವ ಬಾಯಿ ನನ್ನದು, ಹೆದರಿಕೆ ಆಯಿತು ಎಂದು ಹೇಳಲು ಆ ಬಾಯಿ ಬರಲಿಲ್ಲ.

ಕೊನೆಗೆ ಅಪ್ಪನೇ ಪಕ್ಕ ಬಂದು ಕೂತರು. “ಕೆಂಪು ಡಬ್ಬಕ್ಕೆ ಹಾಕೋದು ತಡ ಆದ್ರೆ ಮಗಾ, ಮಿಷಿನ್ನೇ ಹೋಯ್ತದೆ. ನಾನು ತಡ ಮಾಡ್ದೆ. ನೀನು ಮಾಡ್ಬ್ಯಾಡ. ನಾನೂ ಬತ್ತೀನಿ ನಡಿ.”

ರಕ್ತ ಪರೀಕ್ಷೆ ಮಾಡಿಸಿದೆ, ವಂಶದ ಆ ದೋಷ ನನಗೂ ಇತ್ತು. ಕೊಲೊನೋಸ್ಕೋಪಿ ಮಾಡಿಸಿಕೊಂಡೆ. ಔಷಧಿ ನೀರು ಕುಡಿಯುವಾಗ ನಡುನಡುವೆ ಓಆರ್‌ಎಸ್ ಕುಡಿ, ಒಬ್ಬನೇ ಬಚ್ಚಲಿಗೆ ಹೋಗಬೇಡ ಅಂತ ತೇಜಕ್ಕ ಮೊದಲೇ ಹೇಳಿದ್ದಳು. ಅಪ್ಪನ ಹಾಗೆ ಬೀಳಲಿಲ್ಲ. ಕರುಳಿನಲ್ಲಿ ಮೊಳಕೆಯಂಥ ಎರಡು ಸಣ್ಣ ಗಂಟು ಇದ್ದವು, ಅಲ್ಲೇ ಕತ್ತರಿಸಿ ತೆಗೆದರು. ಕ್ಯಾನ್ಸರ್ ಆಗಿರಲಿಲ್ಲ. ಬಿಟ್ಟಿದ್ದರೆ ಮುಂದೆ ಆಗುತ್ತಿತ್ತೇನೋ. ಇನ್ನು ಪ್ರತಿ ವರ್ಷ ಹೋಗಬೇಕು. ಮಂಪರು ಇಳಿದು ಹೊರಗೆ ಬಂದಾಗ ಅಪ್ಪ ಬೆಂಚಿನ ಮೇಲೆ ನನ್ನ ಚಪ್ಪಲಿ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದರು. ಪೈಪಿನ ಹೆಸರೆತ್ತಬೇಡಿ ಅಂದವರು.

ಅಪ್ಪನ ಬಿಲ್ಲೆ ಪರೀಕ್ಷೆ ಮುಗಿದು ವಾಪಸ್ ಬಂದಿದೆ. ಅಮ್ಮ ಅದನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ರೇಷನ್ ಕಾರ್ಡಿನ ಜೊತೆ ಬೀರುವಿನಲ್ಲಿ ಇಟ್ಟಿದ್ದಾಳೆ. ಕೀಲಿ ಅವಳ ಸೊಂಟದಲ್ಲಿದೆ. ಬಿಲ್ಲೆ ವಾಪಸ್ ಬಂದ ವಾರದ ಮಂಗಳವಾರ ಚಾಪೆಲಿಗೆ ಹೋದವಳು ಅಂಗಡಿಯಲ್ಲಿ ಮೇಣದ ಹೃದಯ ಕೊಂಡು ಡಬ್ಬಿಗೆ ಹಾಕಿ ಬಂದಳು. ಚೌರಪ್ಪ ತಾತ ಅದನ್ನು ತಿರುಗಿಸಿ ನೋಡಿ, ಪ್ಲಾಸ್ಟಿಕ್ ಇಲ್ಲ ಅಂತ ಖಾತ್ರಿ ಮಾಡಿಕೊಂಡರಂತೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನನಗೆ ಸಾಕಾಗಿದೆ, ಆದರೂ ಹೇಳುತ್ತೇನೆ. ಕಾರಣವಿಲ್ಲದೆ ರಕ್ತ ಕಡಿಮೆಯಾಗಿದ್ದರೆ, ಮಲದಲ್ಲಿ ರಕ್ತ ಬಂದರೆ ಇಲ್ಲ ಕಪ್ಪಗೆ ಹೋದರೆ, ತೂಕ ಇಳಿದರೆ, ಟಾನಿಕ್ ಅಂಗಡಿಗೆ ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ. ಕರುಳಿನದೋ ಹೊಟ್ಟೆಯದೋ ಕ್ಯಾನ್ಸರ್ ಅಂತ ಬಂದರೆ, “ಎಂಎಂಆರ್ ಪರೀಕ್ಷೆ ಆಗಿದೆಯಾ? ಬ್ಲಾಕ್ ಎಲ್ಲಿದೆ?” ಅಂತ ಬಾಯಿಬಿಟ್ಟು ಕೇಳಿ. ಇಂಗ್ಲಿಷ್ ಬರದಿದ್ದರೂ ಕೇಳಿ. ಹೇಳುವುದು ಅವರ ಕೆಲಸ, ನಾಚಿಕೊಳ್ಳುವುದು ನಿಮ್ಮ ಕೆಲಸವಲ್ಲ. ಬಿಲ್ಲೆ ನಿಮ್ಮ ಕೈಗೆ ಕೊಟ್ಟರೆ ಬಿಸಿಲಿಗೆ, ಒಲೆಯ ಹತ್ತಿರ ಇಡದೆ ಜೋಪಾನ ಮಾಡಿ. ಪರೀಕ್ಷೆಯಿಲ್ಲದೆ ಇಮ್ಯುನೋಥೆರಪಿ ಕೊಡುತ್ತೇನೆ ಅನ್ನುವವರನ್ನು ಯಾಕೆ ಅಂತ ಕೇಳಿ. ಪುಡಿ ಮಾರುವವರನ್ನು ಕೇಳುವುದೂ ಬೇಡ, ಬಾಗಿಲು ಹಾಕಿ. ಔಷಧಿ ನಡೆಯುವಾಗ ಭೇದಿ, ಉಸಿರಾಟದ ತೊಂದರೆ, ಮೈಮೇಲೆ ಗಂಧೆ, ಏನೇ ಬಂದರೂ ಅದೇ ದಿನ ಆಸ್ಪತ್ರೆಗೆ ತಿಳಿಸಿ. ಮನೆತನದಲ್ಲಿ ಇಬ್ಬರು ಮೂವರಿಗೆ ಬಂದಿದ್ದರೆ ಉಳಿದವರೂ ತೋರಿಸಿಕೊಳ್ಳಿ.

ಅದೆಲ್ಲ ನೆನಪಿಡಲು ಆಗದಿದ್ದರೆ ಒಂದೇ ಮಾಡಿ. ಈಗ ಇದನ್ನು ಕೆಳಗಿಟ್ಟು ಎದ್ದು ಹೋಗಿ. ನಿಮ್ಮ ಮನೆಯಲ್ಲಿ ಸುಸ್ತು ಸುಸ್ತು ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಬೆಳಕಿಗೆ ಕರೆದು, ಅವರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ.